ಓಪನಿಂಗ್ ವಿಡಿಯೋ ಕಡ್ಡಾಯ

ಶಿವಮೊಗ್ಗದಿಂದ ಸಾಗರ ರಸ್ತೆ ಹಿಡಿದು ಹತ್ತು ಕಿಲೋಮೀಟರ್ ಬಂದರೆ ತ್ಯಾವರೆಕೊಪ್ಪ. ಇಲ್ಲಿಗೆ ಬರುವವರೆಲ್ಲ ಹುಲಿ, ಸಿಂಹ ನೋಡಲೆಂದೇ ಬರುತ್ತಾರೆ ಅಂದುಕೊಳ್ಳಬೇಡಿ. ಸಫಾರಿ 1988ರಿಂದ ಇದೆ, ನಿಜ. ಆದರೆ ಕೊರಿಯರ್ ಹುಡುಗರು ದಿನಾ ಬರುವುದು ಸೀರೆ ಅಕ್ಕನ ಮನೆಗೆ. ಸಫಾರಿಗಾದರೂ ಮಂಗಳವಾರ ರಜೆ, ಅಕ್ಕನಿಗೆ ಅದೂ ಇಲ್ಲ.

ಸೀರೆ ಅಕ್ಕ ಈಗ ಪ್ರತಿ ಊರಿಗೂ ಒಬ್ಬಳು ಇದ್ದೇ ಇದ್ದಾಳೆ. ದಿವಾನದ ಮೇಲೆ ಕವರುಗಳ ರಾಶಿ, ವಾಟ್ಸಾಪ್ ಸ್ಟೇಟಸ್ಸಿನ ಗೆರೆಗಳು ಚುಕ್ಕಿಯಾಗುವಷ್ಟು ಸೀರೆ. ಗಿರಾಕಿಗಳಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರೂ ‘ಸಿಸ್’. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳೂ ರಾಜ್ಯದೊಳಗೆ ಆ್ಯಪ್ ಮೂಲಕ ಮಾರಬಹುದೆಂದು 2023ರ ಅಕ್ಟೋಬರ್‌ನಲ್ಲಿ ಆದದ್ದೇ ತಡ, ಅಕ್ಕ ಆ್ಯಪಿಗೂ ಇಳಿದಳು. ರಿಟರ್ನ್ ಪರ್ವ ಶುರುವಾಯಿತು.

ಬೆಳಿಗ್ಗೆ ಎದ್ದರೆ ಪ್ಯಾಕಿಂಗ್ ವಿಡಿಯೋ. ಸೆರಗು, ಅಂಚು, ಬ್ಲೌಸ್ ಪೀಸ್ ತೋರಿಸಿ, ಟೇಪು ಹಿಡಿದು ಆರೂಕಾಲು ಮೀಟರ್ ಅಳೆದು, ಕವರಿನ ಬಾಯಿ ಅಂಟಿಸಿ, ಬಾರ್‌ಕೋಡನ್ನು ಕ್ಯಾಮೆರಾಕ್ಕೆ ಹಿಡಿಯುವ ತನಕ ಒಂದೇ ಸಮ ಓಡಬೇಕು. ನಡುವೆ ಕಟ್ ಆದರೆ ಸಾಕ್ಷಿ ಬಿದ್ದುಹೋಗುತ್ತದೆ. ಒಮ್ಮೆ ಅಳತೆ ನಡೆಯುತ್ತಿದ್ದಾಗಲೇ ಸಫಾರಿಯ ಸಿಂಹ ಗರ್ಜಿಸಿತು. ವಿಡಿಯೋ ನೋಡಿದ ಮೈಸೂರಿನ ಗಿರಾಕಿ ಕೇಳಿದಳು: ‘ಸಿಸ್, ನಿಮ್ಮ ಮನೆಯವರು ಬಯ್ತಿದ್ದಾರಾ?’

ವಾಪಸ್ ಬಂದ ಸೀರೆಯನ್ನು ಅಕ್ಕ ಕಣ್ಣಿಗಿಂತ ಮೊದಲು ಮೂಗಿಗೆ ಹಿಡಿಯುತ್ತಾಳೆ. ಭುಜದ ಹತ್ತಿರ ಪಿನ್ನಿನ ಎರಡು ತೂತು, ಸೆರಗಿನಲ್ಲಿ ಹೋಮದ ಹೊಗೆ, ನೆರಿಗೆಯ ಮೇಲೆ ಹಾಲು ಒಣಗಿದ ಕಲೆ. ‘ಗೃಹಪ್ರವೇಶ ಕಣ್ರೀ, ಮದುವೆ ಅಲ್ಲ. ಮದುವೇಲಿ ಹಾಲುಕ್ಕಿಸ್ತಾರಾ?’ ಒಬ್ಬ ಪುಣ್ಯಾತಗಿತ್ತಿ ಫಾಲ್ ಹೊಲಿಸಿಯೇ ವಾಪಸ್ ಕಳಿಸಿದ್ದಳು. ಅದನ್ನು ಅಕ್ಕ ಬಿಚ್ಚಲಿಲ್ಲ, ‘ಫಾಲ್ ಉಚಿತ’ ಎಂದು ಸ್ಟೇಟಸ್ಸಿಗೆ ಹಾಕಿ ಮಾರಿದಳು.

‘ನೋ ರಿಟರ್ನ್’ ಎಂದು ದಪ್ಪಕ್ಷರದಲ್ಲಿ ಬರೆದುಬಿಡಬಹುದಲ್ಲ? ಬರೆದಿದ್ದಳು. ವಕೀಲಿ ಓದುವ ತಂಗಿಯ ಮಗ 2020ರ ಇ-ಕಾಮರ್ಸ್ ನಿಯಮ ತೋರಿಸಿದ: ಮಾಲು ಕೆಟ್ಟಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಮಾರಿದವರು ವಾಪಸ್ ಬೇಡ ಅನ್ನುವಂತಿಲ್ಲ. ನ್ಯಾಯವೇ ಬಿಡಿ. ಗಿಳಿಹಸಿರು ತೋರಿಸಿ ಪಾಚಿಹಸಿರು ಕಳಿಸುವವರೂ ಇದ್ದಾರೆ. ಆದರೆ ‘ಬಣ್ಣ ಫೋಟೋದಲ್ಲಿ ಇದ್ದ ಹಾಗಿಲ್ಲ’ ಅನ್ನುವ ಒಂದು ಸಾಲು ಗಿರಾಕಿಗಳ ಕೈಗೆ ಬ್ರಹ್ಮಾಸ್ತ್ರವಾಗಿ ಸಿಕ್ಕಿತು. ಹುಡುಗ ಅಷ್ಟಕ್ಕೇ ಬಿಡದೆ, ಮಾರುವವರು ಗಿರಾಕಿಯ ಸೋಗಿನಲ್ಲಿ ರಿವ್ಯೂ ಬರೆಯಬಾರದು ಎಂಬ ಇನ್ನೊಂದು ನಿಯಮವನ್ನೂ ಓದಿದ. ಐದು ಸ್ಟಾರ್ ಒತ್ತುತ್ತಾ ಕೂತಿದ್ದ ನಾದಿನಿ ಮೆಲ್ಲಗೆ ಫೋನು ಕೆಳಗಿಟ್ಟಳು.

ಶಿವಮೊಗ್ಗದ ಗಾಂಧಿಬಜಾರಿನ ಅಂಗಡಿಯಲ್ಲಾದರೆ ಉಟ್ಟ ಸೀರೆ ವಾಪಸ್ ತರುವವರಿಗೆ ಮುಖ ತೋರಿಸುವ ಕಷ್ಟ ಇತ್ತು. ಆ್ಯಪಿನಲ್ಲಿ ಮುಖವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಅಕ್ಕ ಆ ದಾಕ್ಷಿಣ್ಯವನ್ನು ಫೋನಿನಲ್ಲಿ ವಾಪಸ್ ತಂದಳು.

ಹಾಲಿನ ಕಲೆಯ ಗಿರಾಕಿ ಭದ್ರಾವತಿಯ ಪೇಪರ್ ಟೌನಿನವಳು. ಅಕ್ಕನ ವಾಟ್ಸಾಪ್ ಗುಂಪಿನಲ್ಲೇ ಇದ್ದು, ಕ್ಯಾಶ್ ಆನ್ ಡೆಲಿವರಿ ಸಿಗುತ್ತದೆಂದು ಆ್ಯಪಿನಲ್ಲಿ ಬುಕ್ ಮಾಡಿದ್ದಳು. ಅಕ್ಕ ಸೀರೆಯ ಸುದ್ದಿಯನ್ನೇ ಎತ್ತಲಿಲ್ಲ.

‘ಸಿಸ್, ಗೃಹಪ್ರವೇಶ ಹೆಂಗಾಯ್ತು?’

‘ಅಯ್ಯೋ, ಭಾರೀ ಚೆನ್ನಾಗಾಯ್ತು ಅಕ್ಕ! ಮುನ್ನೂರು ಜನ. ನಿಮಗೆ ಯಾರು ಹೇಳಿದ್ರು?’

‘ಹಿಂಗೇ ಗೊತ್ತಾಯ್ತು. ಫೋಟೋ ಇದ್ರೆ ಕಳಿಸಿ ಮಾರಾಯ್ರೆ, ನೋಡ್ತೀನಿ.’

ಫೋಟೋ ಬಂದೇಬಿಟ್ಟಿತು. ಹೊಸ ಬಾಗಿಲು, ತೋರಣ, ನಡುವೆ ಅದೇ ಮೆಜೆಂಟಾ ಸೀರೆ. ತಂಗಿಯ ಮಗ ಅದನ್ನು ಪ್ಯಾಕಿಂಗ್ ವಿಡಿಯೋದ ಜೊತೆ ಕ್ಲೇಮಿಗೆ ಸೇರಿಸಲು ಕೂತ. ಅಕ್ಕ ಮಾತ್ರ ಫೋಟೋ ಹಿಗ್ಗಿಸುತ್ತಲೇ ಇದ್ದಳು. ಮೆಜೆಂಟಾದ ಪಕ್ಕದಲ್ಲಿ ಓರಗಿತ್ತಿ ಇರಬೇಕು, ನವಿಲುನೀಲಿ ಉಟ್ಟು ನಗುತ್ತಿದ್ದಳು. ಅಕ್ಕ ಆರ್ಡರ್ ಬುಕ್ ತೆಗೆದು ಬೆರಳಿಟ್ಟು ಹುಡುಕಿದಳು. ಹೌದು, ನಮ್ಮದೇ.

‘ರಿಟರ್ನ್‌ಗೆ ಇನ್ನೂ ಎರಡು ದಿನ ಟೈಮಿದೆ ಕಣೋ. ಈ ಫೋಟೋ ಜೋಪಾನ.’