ಖಾನೇಸುಮಾರಿ ಎಂಬ ಸುಮಾರು ಲೆಕ್ಕ

ಹಳಬರು ಜನಗಣತಿಗೆ ಖಾನೇಸುಮಾರಿ ಎನ್ನುತ್ತಿದ್ದರು. ಖಾನೆ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ ಎಂದು ಪಾರಸಿ ಬಲ್ಲವರು ಬಿಡಿಸಿ ಹೇಳುತ್ತಾರೆ. ನನಗಂತೂ ಅದರೊಳಗೆ ಕೂತಿರುವ ‘ಸುಮಾರು’ ಮಾತ್ರ ಕೇಳಿಸುತ್ತದೆ.

ನಮ್ಮೂರಲ್ಲಿ ಎಷ್ಟು ಜನ ಇದ್ದಾರೆಂದು ಕೇಳುವವರ ಮುಖ ನೋಡಿಕೊಂಡು ಹೇಳಬೇಕು. ಅಕ್ಕಿ ಕೊಡುವವರು ಕೇಳಿದರೆ ಊರು ತುಂಬಿ ತುಳುಕುತ್ತದೆ. ಕಂದಾಯ ಕೇಳಲು ಬಂದರೆ ಮನೆಮನೆಗೂ ಬೀಗ. ಚುನಾವಣೆ ಬಂದರೆ ಬೆಂಗಳೂರಿನಿಂದ ರಾತ್ರೋರಾತ್ರಿ ಎರಡು ಬಸ್ಸು ಜನ ಇಳಿಯುತ್ತಾರೆ. ಗಣತಿಯವರಿಗೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ರೇಷನ್ ಅಂಗಡಿಯಲ್ಲಿ ಅದೇ ಒಲೆಗೆ ಮೂರು ಕಾರ್ಡು. ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾದ ಮೇಲೆ ಅತ್ತೆಯೂ ಯಜಮಾನಿ, ಸೊಸೆಯೂ ಯಜಮಾನಿ. ಯಜಮಾನರು ಇಬ್ಬರ ಹತ್ತಿರವೂ ಕೈಸಾಲ ಕೇಳುತ್ತಾರೆ.

2011ರಲ್ಲಿ ಎಣಿಸಲು ಬಂದವರು ಪಕ್ಕದೂರಿನ ಮೇಷ್ಟ್ರು. ಅರಳಿಕಟ್ಟೆಯ ಮೇಲೆ ಇಸ್ಪೀಟು ಹಿಡಿದಿದ್ದವನನ್ನೇ ಕೇಳಿದರು: ‘ಏನು ಕೆಲಸಪ್ಪ?’

‘ವ್ಯವಸಾಯ ಸಾ.’

ವರ್ಷದಲ್ಲಿ ಆರು ತಿಂಗಳು ದುಡಿದವನು ಮುಖ್ಯ ದುಡಿಮೆಗಾರ. ಎಲೆ ಹಾಕುತ್ತಲೇ ಅವನು ಮುಖ್ಯನಾದ.

‘ನಿಮ್ಮ ಮನೆಯವರು?’

‘ಏನಿಲ್ಲ ಸಾ, ಮನೇಲೇ ಇರ್ತಾಳೆ.’

ಮೇಷ್ಟ್ರು ಕೆಲಸವಿಲ್ಲದವರ ಕಲಮಿಗೆ ಬರೆದುಕೊಂಡರು. ಮನೇಲೇ ಇರುವವಳು ಆ ಹೊತ್ತಿಗೆ ಹಾಲು ಕರೆದು ಡೇರಿಗೆ ಹಾಕಿ, ಕೊಟ್ಟಿಗೆ ಬಾಚಿ, ರಾಗಿಹೊಲದಲ್ಲಿ ಕಳೆ ಕೀಳುತ್ತಿದ್ದಳು. ನಿಯಮ ನೋಡಿದರೆ ಹಾಲು ಕರೆಯುವುದೂ ದುಡಿಮೆಯೇ, ಹೊಲದ ಕೆಲಸವೂ ದುಡಿಮೆಯೇ. ಆದರೆ ನಿಯಮ ಇರುವುದು ಪುಸ್ತಕದಲ್ಲಿ, ಉತ್ತರ ಹೇಳುವವನು ಕಟ್ಟೆಯ ಮೇಲೆ. ಹೀಗೆ ದೇಶಕ್ಕೆ ಒಬ್ಬ ರೈತ ಸಿಕ್ಕ, ಒಬ್ಬಳು ಸೋಮಾರಿ ಸಿಕ್ಕಳು.

ವಯಸ್ಸಿನ ವಿಷಯ ಕೇಳಬೇಡಿ. ನಮ್ಮವರು 40, 45, 50 ಎಂದು ಐದೈದು ಮೆಟ್ಟಿಲು ಹಾರಿಯೇ ಮುದುಕರಾಗುವುದು. ಪಿಂಚಣಿಯ ಅರ್ಜಿ ಕಂಡರೆ ಒಂದೇ ನೆಗೆತಕ್ಕೆ 65. ಶಾಲೆ ಕಲಿತವರಾದರೆ ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ಸೂಲಗಿತ್ತಿಗೆ ಅವತ್ತು ನೀರು ಕುಡಿಯಲೂ ಪುರುಸೊತ್ತಿರಲಿಲ್ಲವೆಂದು ಕಾಣುತ್ತದೆ.

2021ರಲ್ಲಿ ಬರಬೇಕಿದ್ದ ಗಣತಿ ಬರಲೇ ಇಲ್ಲ. ಹೀಗಾಗಿ ಪಂಚಾಯಿತಿಯ ಗೋಡೆಯ ಮೇಲೆ ಬರೆದ 2011ರ ಲೆಕ್ಕದಲ್ಲಿ ಯಾರೂ ಸತ್ತಿಲ್ಲ, ಯಾರೂ ಊರು ಬಿಟ್ಟಿಲ್ಲ. 400 ಜನಕ್ಕೊಬ್ಬ ಸದಸ್ಯನೆಂಬ ಲೆಕ್ಕವೂ ಅದೇ ಗೋಡೆಯಿಂದ. ಈಗ 2027ರ ಮಾರ್ಚ್ 1ರ ನಡುರಾತ್ರಿಯ ತಲೆಲೆಕ್ಕವಂತೆ. ಎಣಿಸುವ ದಿನಗಳಲ್ಲಿ ಒಮ್ಮೆಯೂ ಊರಲ್ಲಿಲ್ಲದವರನ್ನು ಬರೆಯುವಂತಿಲ್ಲ. ಮೂಲೆಮನೆಯ ಅಜ್ಜಿ ಆಗಲೇ ನಾಲ್ಕು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳ ಹೆಸರನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಾಳೆ. ‘ಇಲ್ಲದವರನ್ನು ಹ್ಯಾಗಜ್ಜಿ ಬರೆಯೋದು?’ ಎಂದೆ. ‘ಯುಗಾದಿಗೆ ಬತ್ತಾರೆ, ಬರ್ಕೊಳ್ಳಲಿ’ ಎಂದಳು. ಯಾವ ಯುಗಾದಿ ಎಂದು ನಾನು ಕೇಳಲಿಲ್ಲ.

ಜನವೇ ಇಲ್ಲದ ಊರಿಗೆ ಕಂದಾಯ ಇಲಾಖೆಯಲ್ಲಿ ಬೇಚರಾಕ್ ಗ್ರಾಮವೆಂದು ಹೆಸರು. ಬೇಚಿರಾಗ್, ಅಂದರೆ ದೀಪವಿಲ್ಲದ್ದು. 2011ರಲ್ಲಿ ಕರ್ನಾಟಕದ 29,340 ಹಳ್ಳಿಗಳಲ್ಲಿ ಜನವಸತಿ ಇದ್ದದ್ದು 27,397ರಲ್ಲಿ. ಉಳಿದವಕ್ಕೆ ನಕ್ಷೆಯಲ್ಲಿ ಎಲ್ಲೆಯುಂಟು, ಸರ್ವೆ ನಂಬರುಂಟು, ಒಲೆಯಿಲ್ಲ. ನಮ್ಮೂರಿಗೆ ಆ ಭಯವಿಲ್ಲ. ಇಲ್ಲಿ ಬೀದಿದೀಪ ಹಾಡುಹಗಲಲ್ಲೂ ಉರಿಯುತ್ತಿರುತ್ತದೆ, ಆರಿಸಲು ಆಳಿಲ್ಲ.