ನೀವೂ ಮೂವತ್ತರೊಳಗೆ ಸಾರ್

ಚಾಮರಾಜಪೇಟೆಯಲ್ಲಿ ನಮ್ಮದೊಂದು ವಠಾರ ಇದೆ ಅಂದ ತಕ್ಷಣ ಎದುರಿಗಿದ್ದವರ ದನಿಯಲ್ಲಿ ಒಂದು ಬಗೆಯ ಮರ್ಯಾದೆ ಬಂದುಬಿಡುತ್ತದೆ. 1892ರ ಬಡಾವಣೆ, ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿ, ಸಾಲಾಗಿ ನಾಲ್ಕು ಪೋರ್ಷನ್ನು. "ನಿಮಗೇನು ಸಾರ್, ಕೂತು ತಿನ್ನಬಹುದು" ಅನ್ನುತ್ತಾರೆ. ತಿನ್ನಬಹುದು, ಕೂರೋದಕ್ಕೆ ಬಿಡುವಾದರೆ.

ನಮ್ಮ ಸಂಸ್ಥೆಯ ಸಿಬ್ಬಂದಿ ಇಷ್ಟು. ಅಂಗಳ ಗುಡಿಸುವ ಅಮ್ಮ: ಸಂಬಳ ನಾವು ಕೊಡುತ್ತೇವೆ, ರಜೆ ಅವರೇ ಕೊಟ್ಟುಕೊಳ್ಳುತ್ತಾರೆ. ಪ್ಲಂಬರ್: ಯಾವಾಗ ಫೋನ್ ಮಾಡಿದರೂ "ದಾರೀಲಿದೀನಿ ಸಾರ್" ಅನ್ನುತ್ತಾನೆ, ಯಾವ ದಾರಿ ಅಂತ ಇದುವರೆಗೆ ಗೊತ್ತಾಗಿಲ್ಲ. ಮಿಕ್ಕ ಹುದ್ದೆಗಳೆಲ್ಲ ನನ್ನವು. ಕಾವೇರಿ ಬರುವ ದಿನ ಸಂಪಿನ ಮುಚ್ಚಳ ಎತ್ತಿ ಟಾರ್ಚು ಬಿಡುವುದು, ವಾಲ್ವ್ ತಿರುಗಿಸುವುದು, ಮೋಟರ್ ಹಾಕುವುದು, ಮೇಲಿನ ಟ್ಯಾಂಕು ಚೆಲ್ಲುವ ಮುಂಚೆ ಓಡಿಬರುವುದು. ಓಡಿಬರುವಷ್ಟರಲ್ಲಿ ಚೆಲ್ಲಿರುತ್ತದೆ. ನಾಲ್ಕೂ ಬಾಗಿಲಿನಿಂದ ಏಕಕಾಲಕ್ಕೆ "ಓನರ್ ಅಂಕಲ್, ನೀರು!" ಎಂಬ ಘೋಷ ಏಳುತ್ತದೆ. ಓನರ್ ಅನ್ನುವ ಪದವಿ ನನಗೆ ಸಿಗುವುದು ಆಗ ಮಾತ್ರ.

ಇಷ್ಟು ದುಡಿಮೆಗೆ ಒಂದು ಬೆಲೆ ಕಟ್ಟಿ ಆದಾಯ ತೆರಿಗೆಯಲ್ಲಿ ಖರ್ಚು ತೋರಿಸೋಣ ಅಂತ ಆಡಿಟರ್ ಹತ್ತಿರ ಹೋದೆ. "ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೀತೀವಿ. ಉಳಿದದ್ದರಲ್ಲಿ 30 ಪರ್ಸೆಂಟ್ ಸರ್ಕಾರವೇ ಬಿಟ್ಟುಕೊಡತ್ತೆ. ರಸೀತಿ ಬೇಡ, ಏನೂ ಬೇಡ. ಮನೆ ಸಾಲದ ಬಡ್ಡಿ ಇದ್ರೆ ಅದು ಬೇರೆ. ಮುಗೀತು" ಅಂದರು.

"ಗುಡಿಸೋರ ಸಂಬಳ?"

"ಆ ಮೂವತ್ತರೊಳಗೆ."

"ಸುಣ್ಣ ಬಣ್ಣ, ಮೋಟರ್ ರಿಪೇರಿ?"

"ಮೂವತ್ತರೊಳಗೆ."

"ನಾನು?"

"ನೀವೂ ಮೂವತ್ತರೊಳಗೆ ಸಾರ್."

ಈ 30 ಅನ್ನು ಗೊತ್ತುಮಾಡಿದ ಪುಣ್ಯಾತ್ಮರು ಮದ್ರಾಸ್ ತಾರಸಿಯ ಕೆಳಗೆ ಒಂದು ಮಳೆಗಾಲವನ್ನೂ ಕಳೆದಿರಲಾರರು. ನಮ್ಮ ಮೇಸ್ತ್ರಿ ಒಂದು ಸೋರಿಕೆ ಮುಚ್ಚಿ ಇಳಿಯುವಷ್ಟರಲ್ಲಿ ಮುಂದಿನ ವರ್ಷಕ್ಕೆ ಎರಡನ್ನು ಗೊತ್ತುಮಾಡಿ ಬಂದಿರುತ್ತಾನೆ.

ಕಂದಾಯದ ಖಾತೆ ನಮ್ಮಾಕೆಯದು. ಏಪ್ರಿಲ್‌ನಲ್ಲೇ ಇಡೀ ವರ್ಷದ್ದು ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿಗಳು ನಡೆಯುವ ಕಾಲವೂ ಅದೇ. ನಾನು ಶಲ್ಯ ಹೆಗಲಿಗೇರಿಸಿದರೆ ಇವಳು, "ಮೊದಲು ಕಂದಾಯ, ಆಮೇಲೆ ಕಾಂಭೋಜಿ" ಅನ್ನುತ್ತಾಳೆ. ನಾವಿರುವ ಮನೆಗೆ ಒಂದು ದರ, ಬಾಡಿಗೆಗೆ ಕೊಟ್ಟದ್ದಕ್ಕೆ ಅದಕ್ಕಿಂತ ಹೆಚ್ಚು. ಅದರ ಮೇಲೆ ಸೆಸ್ಸುಗಳು. ಅವುಗಳಲ್ಲಿ ಗ್ರಂಥಾಲಯಕ್ಕೆ 6 ಪರ್ಸೆಂಟ್, ಭಿಕ್ಷುಕರ ಹೆಸರಿನಲ್ಲಿ 3. ಆ 6ನ್ನು ನಾನು ದಿನವೂ ಗ್ರಂಥಾಲಯದಲ್ಲಿ ಪೇಪರ್ ಓದಿ ವಸೂಲು ಮಾಡುತ್ತೇನೆ. "ಆ 3ನ್ನೂ ತಪ್ಪದೆ ಕಟ್ಟಿ, ಮುಂದೆ ನಮಗೇ ಬೇಕಾಗತ್ತೆ" ಅಂತ ಇವಳ ದೂರದೃಷ್ಟಿ.

2023ರಲ್ಲಿ ಗೃಹಜ್ಯೋತಿ ಬಂತು. ಬಾಡಿಗೆಯವರಿಗೂ ಉಂಟು ಅಂದದ್ದೇ ತಡ, ನಾಲ್ಕೂ ಪೋರ್ಷನ್ನಿನವರು ಆರ್.ಆರ್. ನಂಬರಿಗೆ ಆಧಾರ್ ಜೋಡಿಸಿಕೊಂಡು ಸೊನ್ನೆ ಬಿಲ್ಲು ಹಿಡಿದು ಓಡಾಡಿದರು. ನನ್ನ ಆಧಾರ್ ನಮ್ಮ ಮನೆಯ ಮೀಟರಿಗೇ ಖರ್ಚಾಯಿತು. ಅವರ ನೀರು ಎತ್ತುವ ಮೋಟರಿನ ಮೀಟರು ಅನಾಥವಾಗಿ ಉಳಿದು, ಅದರ ಬಿಲ್ಲು ಮಾತ್ರ ತಿಂಗಳು ತಿಂಗಳು ನನ್ನನ್ನು ಅಪ್ಪಾ ಅನ್ನುತ್ತಿದೆ.

ಇನ್ನು ಅಡ್ವಾನ್ಸ್. ತಿಂಗಳಿಗೆ 12,000 ಬಾಡಿಗೆ, ಬೆಂಗಳೂರಿನ ಹಳೇ ಪದ್ಧತಿಯಂತೆ ಹತ್ತು ತಿಂಗಳದು ಅಡ್ವಾನ್ಸ್, ಅಂದರೆ 1,20,000. ಇದು ವಾಪಸು ಕೊಡಬೇಕಾದ ಹಣವಾದ್ದರಿಂದ ಆದಾಯವಲ್ಲ, ತೆರಿಗೆ ಇಲ್ಲ ಅಂತ ಆಡಿಟರ್ ಹೇಳಿದಾಗ ಖುಷಿಯಾಗಿತ್ತು. "ವಾಪಸು ಕೊಡಬೇಕಾದ" ಅನ್ನುವ ಭಾಗ ಕಿವಿಗೆ ಬಿದ್ದಿರಲಿಲ್ಲ. ಒಂದನೇ ಪೋರ್ಷನ್ನಿನ ಅಡ್ವಾನ್ಸು ಮಗಳ ಮದುವೆಯ ಬಾಳೆಲೆ ಊಟದಲ್ಲಿ ಕರಗಿತು, ಎರಡನೆಯದು ಸಂಪು ದೊಡ್ಡದು ಮಾಡಿಸಿತು, ಮೂರನೆಯದು ಇವಳ ಮಂಡಿಗೆ ಹೋಯಿತು. ನಾಲ್ಕನೆಯದು ಏನಾಯಿತೆಂದು ನಾವಿಬ್ಬರೂ ಪರಸ್ಪರ ಕೇಳುವುದಿಲ್ಲ. ಹೀಗಾಗಿ ಯಾರಾದರೂ "ಅಂಕಲ್, ಒಂದು ವಿಷಯ ಮಾತಾಡ್ಬೇಕಿತ್ತು" ಅಂದರೆ ಎದೆ ಧಸಕ್ಕೆನ್ನುತ್ತದೆ. ಹೊಸಬರು ಬಂದು ಅಡ್ವಾನ್ಸ್ ಎಣಿಸುವ ತನಕ ಹಳಬರು ಖಾಲಿ ಮಾಡಕೂಡದು; ಹಳಬರು ಖಾಲಿ ಮಾಡದೆ ಹೊಸಬರು ಬರುವಂತಿಲ್ಲ. ಅಪ್ಪನ ಕಾಲದಲ್ಲಿ, 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬಲದಲ್ಲಿ, ಬಾಡಿಗೆಯವರು ಬಿಟ್ಟು ಹೋಗುತ್ತಿರಲಿಲ್ಲವೆಂದು ಓನರುಗಳು ಕೋರ್ಟು ಸುತ್ತುತ್ತಿದ್ದರಂತೆ. ನಾನು ಅವರು ಹೋಗದಿರಲೆಂದು ರಾಮೇಶ್ವರನ ಗುಡಿ ಸುತ್ತುತ್ತೇನೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಅಂತಿದೆ. ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಜಾರಿ ಎಂದು ಓದಿದ ದಿನ ಒಂದು ಪ್ರದಕ್ಷಿಣೆ ಹೆಚ್ಚು ಹಾಕಿದೆ.

ಮೊನ್ನೆ ಮೂರನೇ ಪೋರ್ಷನ್ನಿನ ಸಾಫ್ಟ್‌ವೇರ್ ಹುಡುಗ ಆ ಮಾತನ್ನೇ ಆಡಿದ. ನಾನು ಗೋಡೆ ಹಿಡಿದುಕೊಂಡೆ. ಅವನಿಗೆ ಬೇಕಿದ್ದದ್ದು ನನ್ನ ಪ್ಯಾನ್ ನಂಬರು: ವರ್ಷದ ಬಾಡಿಗೆ ಒಂದು ಲಕ್ಷ ದಾಟಿದೆ, ಎಚ್‌ಆರ್‌ಎ ಪಡೆಯಲು ಆಫೀಸಿನಲ್ಲಿ ಓನರ್ ಪ್ಯಾನ್ ಕೇಳುತ್ತಾರೆ. ತೆರಿಗೆಯವರಿಗೆ ಹೆಸರು ಹೋಗುತ್ತದಲ್ಲ ಅಂತ ನಾನು ಒಳಗೆ ಬಂದು ಗೊಣಗಿದರೆ, "ಕೊಡ್ರೀ, ಖಾಲಿ ಮಾಡ್ತೀನಿ ಅನ್ನಲಿಲ್ಲವಲ್ಲ" ಅಂತ ಇವಳೇ ಕಾರ್ಡು ತಂದುಕೊಟ್ಟಳು.

ಆ ರಾತ್ರಿ ಇವಳು ಹಳೇ ಡೈರಿ ತೆಗೆದು ಲೆಕ್ಕಕ್ಕೆ ಕೂತಳು. ಬಾಡಿಗೆ, ಕಂದಾಯ, ಸೆಸ್ಸು, ಮೇಸ್ತ್ರಿ, ಪ್ಲಂಬರು, ಮೋಟರು. ಕೂಡಿದಳು, ಕಳೆದಳು, ಪೆನ್ನು ಮುಚ್ಚಿದಳು.

"ರೀ, ಈ ತಾಪತ್ರಯ ಯಾಕೆ? ನಾವೂ ಎಲ್ಲಾದರೂ ಬಾಡಿಗೆಗೆ ಹೋಗಿಬಿಡೋಣ. ಮೋಟರು ಓನರ್ ಹಾಕ್ತಾರೆ."

ಮಾತು ಹಿಡಿಸಿತು. ಗಾಂಧಿ ಬಜಾರಿನ ಕಡೆ ಒಂದು ಪುಟ್ಟ ಮನೆ, ನೀರು ಬಾರದಿದ್ದರೆ ಕಿಟಕಿಯಿಂದ "ಓನರ್ ಅಂಕಲ್!" ಅಂತ ಕೂಗುವ ಸುಖ.

"ಹೋಗೋಣ ಕಣೇ. ಆದರೆ ಹತ್ತು ತಿಂಗಳ ಅಡ್ವಾನ್ಸ್ ಎಲ್ಲಿಂದ ತರೋದು?"