ಸಿಡಿ ಪ್ಲೇಯರಿನ ಜೀರ್ಣೋದ್ಧಾರ

ದಡ್ಡಿಯಲ್ಲಿ ಭಾವೇಶ್ವರಿ ಜಾತ್ರೆ ಹತ್ತಿರ ಬಂತೆಂದರೆ ಮನೆಮನೆಗೂ ಸುಣ್ಣಬಣ್ಣ. ನನ್ನವಳ ಲಕ್ಷ್ಯವೆಲ್ಲ ಗೋಡೆಯ ಮೇಲಾದರೆ ನನ್ನದು ಗೂಡಿನಲ್ಲಿ ಕೂತ ಸಿಡಿ ಪ್ಲೇಯರಿನ ಮೇಲೆ. 1982ರ ಅಕ್ಟೋಬರಿನಲ್ಲಿ ಸೋನಿಯವರು ಜಪಾನಿನಲ್ಲಿ ಮೊದಲ ಸಿಡಿ ಪ್ಲೇಯರ್ ಮಾರಾಟಕ್ಕಿಟ್ಟರಲ್ಲ, ಗ್ರಾಮಫೋನಿನ ಹಾಗೆ ಸವೆಯುವ ಮುಳ್ಳು ಅದರಲ್ಲಿರಲಿಲ್ಲ. ನಮ್ಮದರಲ್ಲೂ ಇಲ್ಲ. ಮುಳ್ಳೊಂದನ್ನು ಬಿಟ್ಟು ಉಳಿದದ್ದೆಲ್ಲ ಸವೆದಿದೆ.

ಮೊದಲು ಕೈಕೊಟ್ಟದ್ದು ಟ್ರೇ. ರಬ್ಬರ್ ಬೆಲ್ಟ್ ಸಡಿಲಾಗಿ, ಬಟನ್ ಒತ್ತಿದರೆ ಒಳಗೆ ಗುರ್ರೆನ್ನುವುದು, ಬಾಗಿಲು ಮಾತ್ರ ತೆರೆಯದು. ಹೇರ್‌ಪಿನ್ನಿನಿಂದ ಮೀಟಿ ಮೀಟಿ ಮನೆಯಲ್ಲಿ ಹೇರ್‌ಪಿನ್ನುಗಳೇ ಖಾಲಿಯಾದವು. ಸಂಕೇಶ್ವರದ ರಿಪೇರಿಯವನು ಹೊಸ ಬೆಲ್ಟ್ ಹಾಕಿಕೊಟ್ಟು, "ಆವಾಜ್ ಈಗ ಹ್ಯಾಂಗೈತ್ರಿ?" ಅಂದ. ಬಾಗಿಲು ಸಲೀಸಾಗಿ ತೆರೆದರೆ ದನಿ ಹೇಗೆ ಸುಧಾರಿಸೀತು? ಆದರೂ "ಭಾಳ ಫರಕ್ ಆಗೇತಿ" ಅಂದೆ. ರೊಕ್ಕ ಬಿಚ್ಚಿದವನ ಕಿವಿಗೆ ಫರಕ್ ಕೇಳಲೇಬೇಕು.

ಲೆನ್ಸಿನದು ಮಾತ್ರ ನಿಜವಾದ ಫರಕ್. ಹೆಸರುಕಾಳಿನಷ್ಟು ಗಾಜು, ಅದರ ಮೂಲಕ ಕಣ್ಣಿಗೆ ಕಾಣದ ಲೇಸರ್ ಹಾಯ್ದು ತಟ್ಟೆಯನ್ನು ಓದಬೇಕು. ಕಬ್ಬಿನ ಸೀಸನ್ನಿನ ರಸ್ತೆಧೂಳು ಅದರ ಮೇಲೆ ಮಂಜಿನಂತೆ ಕೂತಿತ್ತು. ಸ್ಪಿರಿಟ್ ತಾಗಿಸಿದ ಹತ್ತಿಯಿಂದ, ಉಸಿರು ಬಿಗಿಹಿಡಿದು, ಮೆಲ್ಲಗೆ ಒರೆಸಿದೆ. ತೊದಲುತ್ತಿದ್ದ ತಟ್ಟೆಗಳು ಹಾಡತೊಡಗಿದವು. ಗ್ರಾಮಫೋನು ಹೊರಗಿನಿಂದ ಒಳಕ್ಕೆ ಬಂದರೆ ಸಿಡಿ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ನಿಮಿಷಕ್ಕೆ ಸುಮಾರು 500 ಸುತ್ತಿನಿಂದ ಶುರುವಾಗಿ ಅಂಚಿಗೆ ಬರುವಾಗ 200ಕ್ಕೆ ಇಳಿಯುತ್ತದೆ. ನಾವು ಬೆರಳಿಟ್ಟು ಹಿಡಿಯುವುದೂ ಅಂಚನ್ನೇ. ಕೊನೆಯ ಹಾಡಿಗೇ ಹೆಚ್ಚು ತೊದಲು ಬರಲು ಇದೂ ಒಂದು ಕಾರಣ. ತಟ್ಟೆಯನ್ನು ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಒರೆಸಬೇಕು; ನಮ್ಮ ಮನೆಯಲ್ಲಿ ಚಪಾತಿ ಹಂಚಿನ ಹಾಗೆ ಗರಗರ ತಿರುವಿ ಒರೆಸುತ್ತಾರೆ. ಯಾರೆಂದು ಹೇಳಿದರೆ ರಾತ್ರಿ ಊಟ ತಪ್ಪೀತು.

ಉಳಿದದ್ದು ವೈರು. ಸ್ಪೀಕರಿನ ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ತುದಿ ಕತ್ತರಿಸಿ, ಹೊಸದಾಗಿ ಸುಲಿದು ಕ್ಲಿಪ್ಪಿಗೆ ಸಿಕ್ಕಿಸಿದರೆ ಮೂಕವಾಗಿದ್ದ ಎಡಗಡೆಗೆ ಮಾತು ಬಂತು. ಖರ್ಚು ಸೊನ್ನೆ. ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಹವ್ಯಾಸಿ ಹೇಗಾದೇನು? ಬೆಳಗಾವಿಗೆ ಹೋಗಿ ಕೆಂಪು-ಬಿಳಿ ಪಿನ್ನಿನ ಹೊಸ ವೈರು ತಂದೆ. ಪಿನ್ನಿಗೆ ಬಂಗಾರದ ನೀರು ಕೊಟ್ಟದ್ದು, ತುಕ್ಕು ಹಿಡಿಯುವುದಿಲ್ಲ ಎಂದು ಮನೆಯಲ್ಲಿ ವಿವರಿಸಿದೆ.

"ನಿಮ್ಮ ಕಿವಿಗೆ ಬಂಗಾರದ ಪಿನ್ನು, ನನ್ನ ಕಿವಿಗೆ ಗಿಲೀಟಿನ ಜುಮಕಿ. ಛಲೋ ಆತು ಬಿಡ್ರಿ," ಅಂದಳು.

ಆ ಮಾತನ್ನು ತಳ್ಳಿಹಾಕುವಂಥ ಸಂಗೀತವೇ ಬೇಕಾಗಿತ್ತು. ನಮ್ಮದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಸಿಡಿ ಹಾಕಿದೆ. ಕ್ಷಯ ಶ್ವಾಸಕೋಶವನ್ನು ತಿಂದರೂ ಮತ್ತೆ ಎದ್ದು ಹಾಡಿದವರು. ಚಿಕ್ಕ ಚಿಕ್ಕ ಸ್ವರಗುಚ್ಛಗಳ ನಡುವೆ ಅವರು ಉಸಿರೆಳೆಯುವುದು ಕೇಳಿಸಿದರೆ ವೈರಿನ ರೊಕ್ಕ ವಸೂಲು. ಅವಳನ್ನೂ ಕರೆದು ಎದುರಿಗೆ ಕೂರಿಸಿದೆ. ತಂಬೂರಿ ಎದ್ದಿತು. "ಈಗ ನೋಡು, ಉಸಿರು..." ಎಂದು ಬೆರಳೆತ್ತಿದೆ.

ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಕಾರ್ಖಾನೆ ಕಡೆ ಹೊರಟಿತು. ಡ್ರೈವರನ ತಲೆಯ ಹಿಂದೆ ಎರಡು ದೊಡ್ಡ ಸ್ಪೀಕರ್. ಜಾನಪದ ಹಾಡಿನ ಹೊಡೆತಕ್ಕೆ ಗೂಡಿನಲ್ಲಿದ್ದ ತಾಟು-ಲೋಟ ಕುಣಿದವು, ಹೊಸ ಸುಣ್ಣ ಒಂದಿಷ್ಟು ಉದುರಿತು. ಅವಳು ಕಿಟಕಿಯಿಂದ ಹಣಿಕಿಕ್ಕಿ, "ರೀ, ಆ ಹುಡುಗ ಯಾವ ವೈರ್ ಹಾಕ್ಯಾನ, ಸ್ವಲ್ಪ ಕೇಳಿ ಬರ್ರಿ," ಅಂದಳು.